ಹಾಟ್ ರಾಡ್: ವೇಗಕ್ಕೆ ಮುನ್ನ ಬ್ರೇಕ್

ಹಳೆಯ ಕಾರಿನ ತೂಕ ಇಳಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ ರೂಪಿಸುವ ವೇಗದ ವಾಹನವೇ ಹಾಟ್ ರಾಡ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಲ್ಲಿ ಬೆಳೆದ ಈ ಹವ್ಯಾಸ ಎರಡನೇ ಮಹಾಯುದ್ಧದ ನಂತರ ಇನ್ನಷ್ಟು ವ್ಯಾಪಿಸಿತು.

ಮನೆಯ ಗ್ಯಾರೇಜಿನಲ್ಲಿ ಸಾಂಪ್ರದಾಯಿಕ ಹಾಟ್ ರಾಡ್ ಕಟ್ಟುವವರಿಗೆ 1932ರ ಫೋರ್ಡ್ ಅಚ್ಚುಮೆಚ್ಚು. 65 ಅಶ್ವಶಕ್ತಿಯ ವಿ-8 ಎಂಜಿನ್ ಸಾಮಾನ್ಯರ ಕೈಗೆಟುಕಿದ್ದು ಆ ಕಾರಿನಿಂದಲೇ. ಮಡ್‌ಗಾರ್ಡ್ ಕಳಚುವುದು, ಚಾಸಿಸ್ಸಿನ ತೆರೆದ ಬದಿಗೆ ಉಕ್ಕಿನ ಪಟ್ಟಿ ಬೆಸೆದು ಬಲಪಡಿಸುವುದು, ಹೆಚ್ಚುವರಿ ಕಾರ್ಬುರೇಟರ್ ಅಳವಡಿಸುವುದು ಕೆಲಸದ ಮುಖ್ಯ ಹಂತಗಳು.

ಆದರೆ ಜೀವ ಕಾಯುವ ಹಂತ ಬೇರೆಯೇ ಇದೆ. 1932ರ ಫೋರ್ಡ್‌ನಲ್ಲಿ ಪೆಡಲ್‌ನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುತ್ತಿದ್ದುದು ಲೋಹದ ಸಲಾಕೆಗಳು. ಅವುಗಳ ಹೊಂದಾಣಿಕೆ ತಪ್ಪಿದರೆ ಬ್ರೇಕ್ ಸಮನಾಗಿ ಹಿಡಿಯದೆ ಕಾರು ಒಂದು ಬದಿಗೆ ಎಳೆಯುತ್ತದೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕನ್ನು ಫೋರ್ಡ್ ಅಳವಡಿಸಿಕೊಂಡದ್ದು 1939ರ ಮಾದರಿಗಳಲ್ಲಿ. ಅಂದಿನಿಂದ ಆ ಬ್ರೇಕುಗಳನ್ನು ಹಳೆಯ ಕಾರಿಗೆ ಜೋಡಿಸುವುದೇ ರೂಢಿಯಾಯಿತು.

1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದ್ದೂ ಬೀದಿ ರೇಸನ್ನು ಸುರಕ್ಷಿತ ಪಥಕ್ಕೆ ತರಲೆಂದೇ. ಗ್ಯಾರೇಜಿಗೂ ಅದೇ ನಿಯಮ ಅನ್ವಯಿಸುತ್ತದೆ: ಎಂಜಿನ್ನಿನ ಶಕ್ತಿ ಹೆಚ್ಚಿಸುವ ಮುನ್ನ ಬ್ರೇಕ್ ಭದ್ರವಾಗಬೇಕು.