ಗೆಡ್ಡೆಯಂತೆ ತೋರುವ ಹೆಪ್ಪು: ಮಿದುಳಿನ ಅಭಿಧಮನಿಗಳ ರೋಗ ಮತ್ತು ಬಾಣಂತಿಯರು

ಮಿದುಳಿಗೆ ರಕ್ತ ಒಯ್ಯುವ ಅಪಧಮನಿ ಕಟ್ಟಿಕೊಂಡು ಬರುವ ಪಾರ್ಶ್ವವಾಯು ಎಲ್ಲರಿಗೂ ಪರಿಚಿತವಾದರೆ, ರಕ್ತವನ್ನು ಹಿಂದಕ್ಕೆ ತರುವ ಅಭಿಧಮನಿಗಳಲ್ಲಿ, ಅಥವಾ ಅವು ಬಂದು ಸೇರುವ ಸೈನಸ್ ಎಂಬ ಅಗಲವಾದ ರಕ್ತಕಾಲುವೆಗಳಲ್ಲಿ ಉಂಟಾಗುವ ಹೆಪ್ಪು ಅಷ್ಟು ಪರಿಚಿತವಲ್ಲ. ಬಸಿಗಾಲುವೆ ಕಟ್ಟಿಕೊಂಡ ಗದ್ದೆ ಜೌಗಾಗುವಂತೆ, ಹೊರದಾರಿ ಮುಚ್ಚಿದ ಮಿದುಳಿನ ಭಾಗ ನೀರು ತುಂಬಿ ಊದಿಕೊಳ್ಳುತ್ತದೆ, ಕೆಲವೊಮ್ಮೆ ಒಳಗೇ ರಕ್ತ ಸೋರುತ್ತದೆ. ಸುತ್ತಲಿನ ಅಂಗಾಂಶವನ್ನು ಒತ್ತುವ ಈ ಊತ ಸ್ಕ್ಯಾನಿನಲ್ಲಿ ಗೆಡ್ಡೆಯನ್ನೇ ಹೋಲುವುದರಿಂದ, ತಲೆನೋವು ಮತ್ತು ಫಿಟ್ಸ್ ಎರಡು ರೋಗಗಳಲ್ಲೂ ಕಾಣಿಸಿಕೊಳ್ಳುವುದರಿಂದ, ಚಿತ್ರವೊಂದನ್ನೇ ನಂಬಿದರೆ ತಲೆಬುರುಡೆ ತೆರೆದು ತುಣುಕು ತೆಗೆಯುವ ನಿರ್ಧಾರಕ್ಕೂ ಬರುವ ಸಾಧ್ಯತೆಯಿದೆ.

ಮೇಲ್ಮೈಯ ಸಣ್ಣ ಅಭಿಧಮನಿಯೊಂದರಲ್ಲಿ ಮಾತ್ರ ಹೆಪ್ಪುಗಟ್ಟಿ ದೊಡ್ಡ ಸೈನಸ್‌ಗಳು ತೆರೆದೇ ಇದ್ದಾಗ ಈ ಗೊಂದಲ ಹೆಚ್ಚು. ಊತ ಯಾವ ಅಪಧಮನಿಯ ಎಲ್ಲೆಗೂ ಹೊಂದದಿರುವುದು ಒಂದು ಸುಳಿವು; ಎಂಆರ್‌ಐನಲ್ಲಿ ರಕ್ತದ ಕುರುಹನ್ನು ಕಪ್ಪಾಗಿ ತೋರಿಸುವ ಕ್ರಮಗಳು ಹೆಪ್ಪನ್ನೂ, ಅಭಿಧಮನಿಗಳ ಚಿತ್ರಣವಾದ ವೆನೋಗ್ರಫಿ ರಕ್ತದ ಹರಿವನ್ನೂ ತೋರುತ್ತವೆ. ಆದರೆ ಸ್ಕ್ಯಾನಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ರೋಗಿ ಈಚೆಗೆ ಹೆತ್ತವಳೇ?

ಹಳೆಯ ಮೈಸೂರು ಭಾಗದ, ಕಿರಂಗೂರಿನಿಂದ ನಾಗಮಂಗಲದವರೆಗಿನ ಸೀಮೆಗೆ ಈ ಪ್ರಶ್ನೆ ವಿಶೇಷವಾಗಿ ಸಲ್ಲುತ್ತದೆ. ಗರ್ಭಿಣಿಯ ರಕ್ತದಲ್ಲಿ ಹೆಪ್ಪುಗಟ್ಟುವ ಶಕ್ತಿ ಸಹಜವಾಗಿ ಹೆಚ್ಚಿ, ಹೆರಿಗೆಯ ನಂತರವೂ ಕೆಲವು ವಾರ ಹಾಗೆಯೇ ಉಳಿಯುತ್ತದೆ. ಇದರ ಜೊತೆಗೆ, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ಹಳೆಯ ಮೈಸೂರು ಭಾಗದ ರೂಢಿ ದೇಹವನ್ನು ಒಣಗಿಸಿ ಅಪಾಯವನ್ನು ಹೆಚ್ಚಿಸಬಲ್ಲದು. ಹೆರಿಗೆಯ ನಂತರದ ಫಿಟ್ಸು, ಮಂಕು, ಅರ್ಥವಿಲ್ಲದ ಮಾತು ಎಲ್ಲವನ್ನೂ 'ಬಾಣಂತಿ ಸನ್ನಿ' ಎಂಬ ಒಂದೇ ಹೆಸರಿನಡಿ ಸೇರಿಸಿದ ಜನಭಾಷೆ, ಹಲವು ರೋಗಗಳನ್ನು ಕಲಸಿದರೂ, ಅವುಗಳಿಗೂ ಹೆರಿಗೆಗೂ ಇರುವ ನಂಟನ್ನು ಸರಿಯಾಗಿಯೇ ಗುರುತಿಸಿತ್ತೆನ್ನಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಬಾಣಂತಿಯರಲ್ಲಿ ಈ ರೋಗವನ್ನು ದೀರ್ಘಕಾಲ ಅಭ್ಯಸಿಸಿ, 1999ರಲ್ಲಿ ಕಡಿಮೆ ಪ್ರಮಾಣದ ಹೆಪಾರಿನ್‌ನ ಪ್ರಯೋಜನವನ್ನು ವರದಿ ಮಾಡಿದರು.

ಹೆಪಾರಿನ್ ಹೆಪ್ಪು ಬೆಳೆಯದಂತೆ ತಡೆಯುವ ಔಷಧ. ಮಿದುಳಿನಲ್ಲಿ ರಕ್ತ ಸೋರಿರುವಾಗಲೂ ಅದನ್ನು ಕೊಡುವುದು ಮೇಲುನೋಟಕ್ಕೆ ವಿಪರೀತವೆನಿಸಿದರೂ, ಸೋರಿಕೆಗೆ ಕಾರಣವೇ ಹೆಪ್ಪಿನಿಂದಾದ ಹಿಂದೊತ್ತಡವಾದ್ದರಿಂದ ಅದು ತರ್ಕಬದ್ಧವಾಗಿದೆ. ಜರ್ಮನಿಯ ಐನ್‌ಹಾಯ್ಪಲ್ ತಂಡ 1991ರಲ್ಲಿ ಕೇವಲ 20 ರೋಗಿಗಳ ಪ್ರಯೋಗದಿಂದ ಇದಕ್ಕೆ ಆಧಾರ ಒದಗಿಸಿತು. 2004ರಲ್ಲಿ ಪ್ರಕಟವಾದ, 624 ವಯಸ್ಕರನ್ನೊಳಗೊಂಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸಾವಿನ ಪ್ರಮಾಣ ಸುಮಾರು ಶೇ 8ರಷ್ಟಿತ್ತು.

ಇದಕ್ಕೆ ತಿರುವುಮುರುವಾದ ಸ್ಥಿತಿಯೂ ಉಂಟು: ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಎಂಬ ಗೆಡ್ಡೆ ನಿಜವಾಗಿಯೇ ಸೈನಸನ್ನು ಮುಚ್ಚಿಬಿಡಬಹುದು. ಆದ್ದರಿಂದ ಹೆಪ್ಪು ಕಂಡಿತೆಂಬ ಮಾತ್ರಕ್ಕೆ ಗೆಡ್ಡೆಯ ಶಂಕೆಯನ್ನು ಕೈಬಿಡದೆ, ಚಿಕಿತ್ಸೆಯ ನಂತರ ಸ್ಕ್ಯಾನನ್ನು ಮತ್ತೆ ಮಾಡಿ, ಊತ ಇಳಿದಿದೆಯೇ ಎಂದು ನೋಡಲಾಗುತ್ತದೆ.