ಗಾಳಿಗೊಂದು ವೇಗ, ನೆಲಕ್ಕೊಂದು ವೇಗ

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ ಆರ್ವಿಲ್ ರೈಟ್ 12 ಸೆಕೆಂಡುಗಳ ಕಾಲ ಹಾರಿ ಕ್ರಮಿಸಿದ ದೂರ ಕೇವಲ 120 ಅಡಿ. ಭಾಗಿಸಿ ನೋಡಿದರೆ ಸೆಕೆಂಡಿಗೆ 10 ಅಡಿ, ಎಂದರೆ ರೆಕ್ಕೆಯನ್ನು ಹಿಡಿದು ಪಕ್ಕದಲ್ಲಿ ಓಡಿಬಂದ ಅಣ್ಣ ವಿಲ್ಬರನು ಹೆಚ್ಚು ಏದುಸಿರಿಲ್ಲದೆ ಸರಿಗಟ್ಟಬಹುದಾಗಿದ್ದ ಜವ. ಆದರೆ ಆ ಬೆಳಿಗ್ಗೆ ಎದುರಿನಿಂದ ಬೀಸುತ್ತಿದ್ದ ಗಾಳಿಯು ಸೆಕೆಂಡಿಗೆ 35 ಅಡಿಗೂ ಮಿಗಿಲಾಗಿದ್ದಿತು. ಆದುದರಿಂದ ಯಂತ್ರವು ವಾಯುವನ್ನು ಸೀಳಿದ ಜವವು 45 ಅಡಿಗೆ ಕಡಮೆಯಲ್ಲವೆಂದೂ, ಗಾಳಿಯಿಲ್ಲದ ದಿನ 540 ಅಡಿ ಹಾರಿದುದಕ್ಕೆ ಅದು ಸಮಾನವೆಂದೂ ಆರ್ವಿಲ್ ತಾನೇ ಗಣಿಸಿ ಬರೆದನು. ಆತ್ಮಶ್ಲಾಘನೆಗಾಗಿ ಸಂಖ್ಯೆಯನ್ನು ಹಿಗ್ಗಿಸಿದನೆಂದು ಭಾವಿಸಲಾಗದು. ರೆಕ್ಕೆಗೆ ಗೊತ್ತಾಗುವುದು ತನ್ನ ಮೇಲೆ ಹಾಯುವ ಗಾಳಿಯ ವೇಗವೊಂದೇ, ನೆಲದ ಗೊಡವೆ ಅದಕ್ಕಿಲ್ಲ. ವಿಮಾನವನ್ನು ಮೇಲೆ ಹಿಡಿದಿಡುವ ವೇಗ ಬೇರೆ, ಊರು ಮುಟ್ಟಿಸುವ ವೇಗ ಬೇರೆ ಎಂಬ ಈ ವಿವೇಕವು ಒಮ್ಮೆಗೇ ಮೂಡಿದುದಲ್ಲ. ಮೂಡಿದ ಮೇಲೂ ಅಗ್ಗವಾಗಿ ದಕ್ಕಿದುದಲ್ಲ.

ಭಿನ್ನ ದಿಕ್ಕಿನ ಎರಡು ಚಲನೆಗಳು ಒಂದೇ ವಸ್ತುವಿನಲ್ಲಿ ಪರಸ್ಪರ ಬಾಧಿಸದೆ ನೆಲೆಸಬಲ್ಲವೆಂಬುದನ್ನು, ಎಸೆದ ಗುಂಡಿನ ಅಡ್ಡಚಲನೆಯನ್ನೂ ಪತನವನ್ನೂ ಕೂಡಿಸಿ ಪರವಲಯವನ್ನು ಪಡೆಯುವುದರ ಮೂಲಕ ಗೆಲಿಲಿಯೊ 1638ರಲ್ಲಿ ತೋರಿಸಿಕೊಟ್ಟನು. ಎರಡು ಬಲಗಳನ್ನು ಒಂದಾಗಿ ಕೂಡಿಸುವ ಸಮಾಂತರ ಚತುರ್ಭುಜವನ್ನು ನ್ಯೂಟನ್ನನು 1687ರಲ್ಲಿ ತನ್ನ ಚಲನನಿಯಮಗಳಿಗೆ ಉಪಪ್ರಮೇಯವಾಗಿ ಜೋಡಿಸಿದನು. ಇಂಗ್ಲೆಂಡಿನ ಜಾರ್ಜ್ ಕೇಲಿ 1799ರಲ್ಲಿ ಬೆಳ್ಳಿಯ ಬಿಲ್ಲೆಯೊಂದರ ಮೇಲೆ, ಓರೆಯಾದ ರೆಕ್ಕೆಗೆ ತಗಲುವ ಗಾಳಿಯ ಬಲವನ್ನು ಮೇಲೆತ್ತುವ ಅಂಶವೊಂದು, ಹಿಂದೆಳೆಯುವ ಅಂಶವೊಂದು ಎಂದು ಬಿಡಿಸಿ ಕೆತ್ತಿದಾಗ ಆ ರೇಖಾಗಣಿತವು ಉಡ್ಡಯನಶಾಸ್ತ್ರದ ಸ್ವತ್ತಾಯಿತು. ಗಿಬ್ಸ್ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದಿಶಗಳ ಗಣಿತವನ್ನು ರೂಪಿಸಿದುದರಿಂದ ಲೆಕ್ಕ ಸಲೀಸಾಯಿತೇ ಹೊರತು ಮೂಲಭಾವನೆ ಬದಲಾಗಲಿಲ್ಲ. ಮಾದರಿಯು ಗಾಳಿಯಲ್ಲಿ ಚಲಿಸಿದರೂ ಒಂದೇ, ಅದನ್ನು ನಿಲ್ಲಿಸಿ ಅದರ ಮೇಲೆ ಗಾಳಿಯನ್ನು ಹಾಯಿಸಿದರೂ ಒಂದೇ ಎಂಬ ತತ್ತ್ವವನ್ನೇ ನೆಚ್ಚಿಕೊಂಡು ವೆನಮ್ ಎಂಬ ಇಂಜಿನಿಯರನು 1871ರಲ್ಲಿ ಮೊದಲ ವಾಯುಸುರಂಗವನ್ನು ಕಟ್ಟಿಸಿದನು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಲ್ಲಿ ಕಾರ್ಯಾರಂಭ ಮಾಡಿದ, ಶಬ್ದದ ವೇಗವನ್ನು ಮೀರಿ ಗಾಳಿ ಹಾಯಿಸಬಲ್ಲ ಸುರಂಗದ ಆಧಾರವೂ ಅದೇ.

ವಿಚಿತ್ರವೆಂದರೆ, ಗಾಳಿಯ ವೇಗವನ್ನು ಅಳೆಯುವ ಸಾಧನ ಹುಟ್ಟಿದುದು ನೀರಿನಲ್ಲಿ. ಫ್ರಾನ್ಸಿನ ಆಂರಿ ಪಿಟೊ 1732ರಲ್ಲಿ ಮೊಣಕೈಯಂತೆ ಬಾಗಿದ ಕೊಳವೆಯೊಂದನ್ನು ಸೆನ್ ನದಿಯ ಪ್ರವಾಹಕ್ಕೆ ಎದುರಾಗಿ ಹಿಡಿದು, ಅದರಲ್ಲಿ ನೀರು ಏರಿದ ಎತ್ತರದಿಂದ ಪ್ರವಾಹದ ವೇಗವನ್ನು ಕಂಡುಕೊಂಡನು. ಆಳಕ್ಕಿಳಿದಂತೆ ವೇಗ ಹೆಚ್ಚುವುದೆಂಬ ಅಂದಿನ ಪಂಡಿತರ ನಂಬಿಕೆ ಇದರಿಂದ ಬಿದ್ದುಹೋಯಿತು. ವಿಮಾನದಲ್ಲಿಯೂ ಮುಂದಕ್ಕೆ ಬಾಯ್ದೆರೆದ ಕೊಳವೆಯಲ್ಲಿ ಗಾಳಿ ತಡೆದು ನಿಂತಾಗ ಉಂಟಾಗುವ ಒತ್ತಡಕ್ಕೂ ಪಕ್ಕದ ರಂಧ್ರಗಳ ಸಹಜ ಒತ್ತಡಕ್ಕೂ ಇರುವ ಅಂತರವು ವೇಗದ ವರ್ಗವನ್ನೂ ಗಾಳಿಯ ಸಾಂದ್ರತೆಯನ್ನೂ ಅನುಸರಿಸುತ್ತದೆ. ರೆಕ್ಕೆಯ ಮೇಲೆತ್ತುವ ಬಲವೂ ಇವೆರಡನ್ನೇ ಅನುಸರಿಸುವುದರಿಂದ, ಗಾಳಿ ತೆಳುವಾದೆಡೆ ವೇಗಮಾಪಕದ ಮುಳ್ಳು ತೋರುವ ವೇಗ ನಿಜಕ್ಕಿಂತ ಕಡಮೆಯಾದರೂ ಚಾಲಕನಿಗೆ ಬೇಕಾದುದು ಆ ಮುಳ್ಳೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೆಲ ಬಿಡುವ ವಿಮಾನವು, ಮುಂಬಯಿಯ ಕಡಲಂಚಿನಲ್ಲಿ ತೋರಿದಷ್ಟನ್ನೇ ಮುಳ್ಳು ತೋರುತ್ತಿದ್ದರೂ, ವಾಸ್ತವವಾಗಿ ಶೇಕಡ 4ರಷ್ಟು ಹೆಚ್ಚು ವೇಗವಾಗಿ ಓಡಬೇಕು, ಅದಕ್ಕಾಗಿ ಹೆಚ್ಚು ನೆಲವನ್ನೂ ಬಳಸಬೇಕು.

ನೆಲದ ವೇಗವನ್ನು ತಿಳಿಸುವ ಕೊಳವೆ ಮಾತ್ರ ಯಾವುದೂ ಇರಲಿಲ್ಲ. ಉತ್ತರಕ್ಕೆ ಮೂತಿಯಿಟ್ಟು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಸಾಗುವ ವಿಮಾನಕ್ಕೆ ಪಡುವಣದಿಂದ 50 ಕಿಲೋಮೀಟರಿನ ಗಾಳಿ ಬೀಸಿದರೆ, ಅದು 206 ಕಿಲೋಮೀಟರ್ ವೇಗದಿಂದ 14 ಡಿಗ್ರಿ ಪೂರ್ವಕ್ಕೆ ವಾಲಿ ಹೋಗುವುದು. ನೇರ ಉತ್ತರಕ್ಕೇ ಹೋಗಬೇಕೆಂದು ಮೂತಿಯನ್ನು ಸುಮಾರು ಅಷ್ಟೇ ಪಡುವಣಕ್ಕೆ ತಿರುಗಿಸಿದರೆ ನೆಲದ ವೇಗ 194ಕ್ಕೆ ಇಳಿಯುವುದು. ವೇಗಗಳ ಈ ತ್ರಿಕೋನವನ್ನು ಬಿಡಿಸಲು ಗಾಳಿ ಎತ್ತಣಿಂದ, ಎಷ್ಟು ಬಿರುಸಾಗಿ ಬೀಸುತ್ತಿದೆಯೆಂಬುದು ತಿಳಿದಿರಬೇಕು. ಉನ್ನತ ಆಕಾಶದಲ್ಲಿ ಅದು ತಿಳಿದಿರಲಿಲ್ಲ. ಜಪಾನಿನ ವಾಸಬುರೊ ಓಯಿಶಿ 1920ರ ದಶಕದಲ್ಲಿ ಬೆಲೂನುಗಳನ್ನು ಹಾರಿಸಿ, ಮೇಲ್ಗಡೆ ಪ್ರಚಂಡವಾದ ಪಡುವಣ ಗಾಳಿಯೊಂದು ಹರಿಯುವುದನ್ನು ಕಂಡಿದ್ದನು. ಲೋಕವೆಲ್ಲ ಓದಲೆಂಬ ಸದಾಶಯದಿಂದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದುದರಿಂದಲೋ ಏನೋ, ಲೋಕದ ಗಮನ ಅತ್ತ ಹರಿಯಲಿಲ್ಲ. 1947ರ ಆಗಸ್ಟ್ 2ರಂದು ಬ್ಯೂನಸ್ ಐರಿಸ್‌ನಿಂದ ಸಾಂಟಿಯಾಗೊ ನಗರಕ್ಕೆ ಹೊರಟ ‘ಸ್ಟಾರ್ ಡಸ್ಟ್’ ಎಂಬ ವಿಮಾನವು ಮೋಡಗಳು ನೆಲವನ್ನು ಮರೆಮಾಡಿದ್ದಾಗ ಇಂತಹುದೇ ಗಾಳಿಗೆ ಎದುರಾಗಿ ಹಾರಿ, ಆಂಡೀಸ್ ಪರ್ವತಗಳನ್ನು ದಾಟಿದೆನೆಂಬ ಎಣಿಕೆಯಲ್ಲಿ ಇಳಿಯತೊಡಗಿ, ತುಪುಂಗಾತೊ ಪರ್ವತದ ಹಿಮರಾಶಿಗೆ ಬಡಿದು 11 ಜನರೊಡನೆ ಕಣ್ಮರೆಯಾಯಿತೆಂದು ಇಂದು ನಂಬಲಾಗಿದೆ. ಮಾಪಕ ತೋರಿದ ಗಾಳಿಯ ವೇಗ ಸರಿಯಾಗಿಯೇ ಇದ್ದಿರಬೇಕು. ಮೋಸವಾದುದು ನೆಲದ ವೇಗದಲ್ಲಿ. ಅವಶೇಷಗಳು ಹಿಮನದಿಯಿಂದ ಹೊರಬೀಳಲು ಅರ್ಧಶತಮಾನವೇ ಬೇಕಾಯಿತು.

ಮುಂದಿನದನ್ನು ಶೀಘ್ರವಾಗಿ ಹೇಳಬಹುದು. ನೆಲದಿಂದ ಮರಳಿದ ರೇಡಾರ್ ಅಲೆಯ ಆವರ್ತನ ಎಷ್ಟು ಬದಲಾಯಿತೆಂದು ನೋಡುವ ಡಾಪ್ಲರ್ ವಿಧಾನವೂ, ವೇಗೋತ್ಕರ್ಷವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ವೇಗವನ್ನೂ ಸ್ಥಾನವನ್ನೂ ಪಡೆಯುವ ಜಡತ್ವ ಯಂತ್ರಗಳೂ, ಕೊನೆಗೆ ಉಪಗ್ರಹಗಳೂ ನೆಲದ ವೇಗವನ್ನು ಕರತಲಾಮಲಕವಾಗಿಸಿದವು. ಗಾಳಿಯ ವೇಗಕ್ಕೆ ಮಾತ್ರ ಇಂದಿಗೂ ಪಿಟೊನ ಕೊಳವೆಯೇ ಗತಿ.

ಆ ಕೊಳವೆಗಳಿಗೆ ಹಿಮದ ಹರಳು ಕಟ್ಟಿಕೊಂಡುದರಿಂದಲೇ ರಿಯೊ ನಗರದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ವೇಗಮಾಪಕಗಳು 2009ರ ಜೂನ್ 1ರಂದು ಕ್ಷಣಕಾಲ ಸುಳ್ಳು ನುಡಿದವು. ಸ್ವಯಂಚಾಲಕವು ಕೈಬಿಟ್ಟಿತು, ಗಲಿಬಿಲಿಯಲ್ಲಿ ಮೂತಿಯನ್ನು ಮೇಲೆತ್ತಲಾಯಿತು, ರೆಕ್ಕೆಗಳು ಗಾಳಿಯ ಹಿಡಿತ ಕಳೆದುಕೊಂಡವು. ಅಟ್ಲಾಂಟಿಕ್ ಸಾಗರಕ್ಕೆ ಬಡಿದ ಕ್ಷಣದ ದಾಖಲೆ ಸಮಾಂತರ ಚತುರ್ಭುಜದ ಪಾಠದಂತಿದೆ: ಅಡ್ಡಲಾಗಿ ಗಂಟೆಗೆ ಸುಮಾರು 198 ಕಿಲೋಮೀಟರ್, ಕೆಳಕ್ಕೆ ಸುಮಾರು 200 ಕಿಲೋಮೀಟರ್, ಎಂದರೆ ಫಲಿತವೇಗವು 45 ಡಿಗ್ರಿ ಇಳಿಜಾರಿನಲ್ಲಿ, ಮೂತಿಯಾದರೋ ಕ್ಷಿತಿಜಕ್ಕಿಂತ 16 ಡಿಗ್ರಿ ಮೇಲಕ್ಕೆ! ಮೂತಿಯ ದಿಕ್ಕಿಗೂ ವೇಗದ ದಿಕ್ಕಿಗೂ ನಡುವಣ ಈ ಕೋನವನ್ನು ತೋರಿಸುವ ಮಾಪಕ ಚಾಲಕರ ಕಣ್ಣೆದುರಿಗೆ ಇರಲಿಲ್ಲ. 228 ಜನರನ್ನು ಬಲಿತೆಗೆದುಕೊಂಡ ಈ ದುರಂತದ ತನಿಖೆ ನಡೆಸಿದ ಫ್ರೆಂಚ್ ಮಂಡಲಿಯು, ಅಂತಹ ಮಾಪಕವನ್ನು ಚಾಲಕರಿಗೆ ನೇರವಾಗಿ ಕಾಣುವಂತೆ ಅಳವಡಿಸುವ ವಿಚಾರವನ್ನು ವಾಯುಯಾನದ ಅಧಿಕಾರಿಗಳು ಪರಿಶೀಲಿಸಬೇಕೆಂದು ಶಿಫಾರಸು ಮಾಡಿತು.