ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಭಾರತದ ಸಂಬಂಧ

ಹದಿಮೂರು ಅಮೆರಿಕನ್ ವಸಾಹತುಗಳು ಬ್ರಿಟಿಷ್ ಸಾಮ್ರಾಜ್ಯದಿಂದ ಬೇರ್ಪಡಲು ತೆರಿಗೆಯ ಹೊರೆಯೇ ಕಾರಣವೆಂದು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧಸತ್ಯ. 1773ರ ಚಹಾ ಶಾಸನದಿಂದ ಅಲ್ಲಿ ಚಹಾದ ಬೆಲೆ ಇಳಿಯುವಂತಿದ್ದಿತೇ ಹೊರತು ಏರುವಂತಿರಲಿಲ್ಲ. ಅಗ್ಗವಾಗಲಿದ್ದ ಸರಕನ್ನು ಜನರು ಕಡಲಿಗೆ ಸುರಿದುದೇಕೆಂಬುದನ್ನು ತಿಳಿಯಲು ಬಾಸ್ಟನ್ ನಗರವೊಂದನ್ನೇ ನೋಡಿದರೆ ಸಾಲದು. ಬಂಗಾಳದ ಕಡೆಗೂ ದೃಷ್ಟಿ ಹಾಯಿಸಬೇಕು.

ಸಪ್ತವಾರ್ಷಿಕ ಯುದ್ಧವು 1763ರಲ್ಲಿ ಮುಗಿದಾಗ ಬ್ರಿಟನ್ನಿನ ರಾಷ್ಟ್ರೀಯ ಸಾಲ ಸುಮಾರು 13 ಕೋಟಿ ಪೌಂಡುಗಳಿಗೆ ಏರಿದ್ದಿತು. ಅಮೆರಿಕದಲ್ಲಿ ನಿಲ್ಲಿಸಿದ ಸೈನ್ಯದ ವೆಚ್ಚದಲ್ಲಿ ಒಂದಂಶವನ್ನು ವಸಾಹತುಗಳಿಂದಲೇ ಪಡೆಯಲು 1765ರಲ್ಲಿ ಸ್ಟಾಂಪು ಶಾಸನ ಬಂದಿತು. ಪ್ರತಿಭಟನೆಗೆ ಮಣಿದು ಪಾರ್ಲಿಮೆಂಟು ಮರುವರ್ಷ ಅದನ್ನು ರದ್ದುಗೊಳಿಸಿತಾದರೂ, ಸರ್ವವಿಷಯಗಳಲ್ಲಿಯೂ ವಸಾಹತುಗಳನ್ನು ಬಂಧಿಸುವ ಅಧಿಕಾರ ತನಗುಂಟೆಂದು ಆಗಲೇ ಬೇರೊಂದು ಶಾಸನದಿಂದ ಸಾರಿತು. ಜಗಳದ ನಿಜವಾದ ಬೇರು ಇಲ್ಲಿದೆ. ಮೊತ್ತ ಎಷ್ಟೆಂಬುದಲ್ಲ, ವಿಧಿಸುವ ಹಕ್ಕು ಯಾರದೆಂಬುದೇ ವಿವಾದದ ವಿಷಯ.

ಇತ್ತ ಬಂಗಾಳದ ದಿವಾನಿಯನ್ನು 1765ರಲ್ಲಿ ಪಡೆದ ಈಸ್ಟ್ ಇಂಡಿಯಾ ಕಂಪೆನಿಯು, 1770ರ ಘೋರ ಕ್ಷಾಮ, ಸೈನಿಕ ವೆಚ್ಚ, ಲಂಡನ್ನಿನ ಹಣದ ಮುಗ್ಗಟ್ಟು ಇವುಗಳಿಂದ ದಿವಾಳಿಯ ಅಂಚಿಗೆ ಬಂದಿತು. ಸರಕಾರ 14 ಲಕ್ಷ ಪೌಂಡು ಸಾಲವಿತ್ತು, ಗೋದಾಮುಗಳಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದಲ್ಲಿ ನೇರವಾಗಿ ಮಾರಲು ಅನುಮತಿಸಿತು. (ಈ ಚಹಾ ಚೀನದ್ದು, ಭಾರತದಲ್ಲಿ ಆಗಿನ್ನೂ ಚಹಾ ತೋಟಗಳಿರಲಿಲ್ಲ.) ಆದರೆ ಪೌಂಡು ತೂಕಕ್ಕೆ 3 ಪೆನ್ನಿಯ ಹಳೆಯ ಸುಂಕವನ್ನು ಮಾತ್ರ ಉಳಿಸಿಕೊಂಡಿತು. ಕಳ್ಳಸಾಗಣೆಯ ಚಹಾದಲ್ಲಿ ಲಾಭ ಕಂಡಿದ್ದ ವರ್ತಕರು ಕಂಪೆನಿಯ ಏಕಸ್ವಾಮ್ಯಕ್ಕೆ ಅಂಜಿದುದೂ ನಿಜ. ಆದರೂ ಆ ಚಹಾ ಕುಡಿದವನು ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿದಂತೆಯೇ ಆಗುತ್ತಿದ್ದಿತು. 1773ರ ಡಿಸೆಂಬರ್ 16ರಂದು 342 ಪೆಟ್ಟಿಗೆಗಳು ಬಾಸ್ಟನ್ ಬಂದರಿನ ನೀರು ಪಾಲಾದುವು. ಬಂದರನ್ನು ಮುಚ್ಚಿಸಲಾಯಿತು, 1775ರಲ್ಲಿ ಯುದ್ಧ, 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ.

1778ರಲ್ಲಿ ಫ್ರಾನ್ಸ್ ಅಮೆರಿಕದ ಪಕ್ಷ ವಹಿಸಿದೊಡನೆ ಸಮರವು ಭಾರತಕ್ಕೂ ಹಬ್ಬಿತು. ಹೈದರಾಲಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಫ್ರೆಂಚರ ಮಾಹೆಯನ್ನು ಆಂಗ್ಲರು 1779ರಲ್ಲಿ ಹಿಡಿದರು. ಮರುವರ್ಷ ಅವನು ಕರ್ನಾಟಿಕ್ ಪ್ರಾಂತಕ್ಕೆ ನುಗ್ಗಿದನು. ಪೊಲ್ಲಿಲೂರಿನಲ್ಲಿ ಬೈಲಿಯ ಪಡೆ ನಾಶವಾಯಿತು. ಹೈದರನು ಅಮೆರಿಕನ್ನರಿಗಾಗಿ ಹೋರಾಡಿದನೆಂದು ಭಾವಿಸುವುದು ಉತ್ಪ್ರೇಕ್ಷೆ. ಅವನ ಕಾರಣಗಳು ಅವನವೇ. ಆದರೂ ಬ್ರಿಟಿಷರ ಬಲ ಎರಡು ಖಂಡಗಳಲ್ಲಿ ಹಂಚಿಹೋದುದನ್ನು ಅಮೆರಿಕನ್ನರು ಗಮನಿಸಿದ್ದರು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರೇ ‘ಹೈದರ್ ಅಲಿ’.

1783ರ ಸಂಧಾನವು ಅಮೆರಿಕಕ್ಕೆ ಸ್ವಾತಂತ್ರ್ಯ ತಂದಿತು. ಅದೇ ಸಂಧಾನದ ವಾರ್ತೆಯಿಂದಾಗಿ ಮಂಗಳೂರಿನ ಮುತ್ತಿಗೆಯಲ್ಲಿದ್ದ ಟೀಪುವಿಗೆ ಫ್ರೆಂಚರ ನೆರವು ತಪ್ಪಿತು. 1784ರಲ್ಲಿ ಅವನು ಒಂಟಿಯಾಗಿಯೇ ಕಂಪೆನಿಯೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗತನಾಗಿದ್ದ ಕಾರ್ನ್‌ವಾಲೀಸನು 1786ರಲ್ಲಿ ಗವರ್ನರ್ ಜನರಲ್ಲನಾಗಿ ಕಲ್ಕತ್ತೆಗೆ ಬಂದಿಳಿದನು. 1792ರಲ್ಲಿ ಅವನು ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತು, ಮೈಸೂರಿನ ಅರ್ಧ ರಾಜ್ಯವನ್ನೂ ಒತ್ತೆಯಾಳುಗಳಾಗಿ ಟೀಪುವಿನ ಇಬ್ಬರು ಮಕ್ಕಳನ್ನೂ ಪಡೆದನು.